ಗುಡ್ಡವಿಲ್ಲದ ಊರಿಗೆ ಗುಡ್ಡದ ಸೈಕಲ್

ಮಹಾಲಿಂಗಪುರದ ಸುತ್ತ ಹೇಳಿಕೊಳ್ಳುವಂಥ ಗುಡ್ಡ ಇಲ್ಲ. ಗುಡ್ಡ ನೋಡಬೇಕೆಂದರೆ ಜಮಖಂಡಿಗೆ ಹೋಗಿ ರಾಮತೀರ್ಥದ ಅರಮನೆಯ ಏರು ಹತ್ತಬೇಕು, ಇಲ್ಲವೇ ಬಾದಾಮಿಯ ಕಡೆ ಮುಖ ಮಾಡಬೇಕು. ನಮ್ಮದು ಎರೆ ಸೀಮೆ. ಘಟಪ್ರಭೆಯ ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಕಬ್ಬು. ಕಬ್ಬಿನ ನಡುವೆ ಅಲ್ಲಲ್ಲಿ ಗಾಣದ ಹೊಗೆ. ಪೇಟೆಗೆ ಬಂದರೆ ಸಾಲಾಗಿ ಪೇರಿಸಿದ ಬೆಲ್ಲದ ಪೆಂಟಿ. ಓಣಿಗಳಲ್ಲಿ ಮಗ್ಗದ ಸಪ್ಪಳ. ಇಂಥ ಊರಿನ ಹುಡುಗನೊಬ್ಬ ಮೌಂಟನ್ ಬೈಕ್ ಬೇಕೆಂದು ಹಟ ಹಿಡಿದರೆ ಮನೆಯವರು ಯಾಕೆ ಎಂದು ಕೇಳುವುದು ಸಹಜ. ನಮ್ಮಣ್ಣ ಕೇಳಿದ್ದೂ ಅದನ್ನೇ. ಅವನ ಮಗ ಪಿಯುಸಿ ಸೇರಿದ್ದ, ಕಾಲೇಜಿಗೆ ಹೋಗಿಬರಲು ಸೈಕಲ್ ಬೇಕಿತ್ತು, ಮೊಬೈಲಿನಲ್ಲಿ ನೋಡಿ ನೋಡಿ ಅವನಿಗೆ ಅದರದೇ ಗುಂಗು ಹಿಡಿದಿತ್ತು. ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಸೈಕಲ್ ಎಂದರೆ ಚಿಕ್ಕಂದಿನಿಂದ ಜೀವ. ಹಾಗಾಗಿ ಇದನ್ನು ಹರಕತ್ತು ಎಂದುಕೊಳ್ಳದೆ, ಹೆಣ್ಣು ನೋಡಲು ಹೋಗುವ ಹಿರಿಯರಷ್ಟು ಗಂಭೀರವಾಗಿ ಕೈಗೆತ್ತಿಕೊಂಡೆ.

ಅಣ್ಣನಿಗೆ ನಾನು ಮೊದಲು ಹೇಳಿದ ಮಾತು ಇದು: ಗುಡ್ಡ ಇಲ್ಲದಿದ್ದರೂ ಈ ಸೈಕಲ್ಲಿಗೆ ತಕ್ಕ ನೆಲ ನಮ್ಮಲ್ಲಿ ಬೇಕಾದಷ್ಟಿದೆ. ಅವರ ತೋಟದ ಮನೆಗೆ ಹೋಗುವ ದಾರಿಯನ್ನೇ ನೋಡಿ. ಡಾಂಬರು ಮುಗಿದ ಮೇಲೆ ಕಾಲುವೆಯ ದಂಡೆ, ದಂಡೆ ಇಳಿದರೆ ಬಂಡಿದಾರಿ. ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವ ಹಂಗಾಮು ಸುರುವಾಯಿತೆಂದರೆ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಮೀರವಾಡಿಯ ಕಾರ್ಖಾನೆಗೆಂದು ಹಗಲು ರಾತ್ರಿ ಆ ದಾರಿ ಹಿಡಿಯುತ್ತವೆ. ಹಸಿ ಎರೆಯಲ್ಲಿ ಅವುಗಳ ಗಾಲಿ ಇಳಿದು ಮೊಳಕಾಲುದ್ದದ ಜಾಡು ಬೀಳುತ್ತದೆ. ಚಳಿಗಾಲ ಕಳೆಯುವುದರೊಳಗೆ ಅದೇ ಜಾಡು ಒಣಗಿ ಕಲ್ಲಾಗುತ್ತದೆ. ತೆಳ್ಳನೆಯ ಗಾಲಿಯ ಸೈಕಲ್ ಆ ಜಾಡಿಗೆ ಬಿದ್ದರೆ ಹ್ಯಾಂಡಲ್ ನಮ್ಮ ಮಾತು ಕೇಳುವುದಿಲ್ಲ. ಮೇಲೆ ರವದಿ ಮುಚ್ಚಿಕೊಂಡಿದ್ದರಂತೂ ತಗ್ಗು ಎಲ್ಲಿ, ಹೆಂಟೆ ಎಲ್ಲಿ, ಒಂದೂ ತಿಳಿಯದು. ಎರಡಿಂಚು ಅಗಲದ, ಹಲ್ಲಿನ ಟೈರು ಇಲ್ಲಿ ಷೋಕಿಯ ಮಾತಲ್ಲ.

ಗೇರು ಯಾಕೆ ಎಂದೂ ಅಣ್ಣ ಕೇಳಿದ. ಅದಕ್ಕೆ ಉತ್ತರ ಗಾಳಿ. ಆಷಾಢ, ಶ್ರಾವಣದಲ್ಲಿ ಪಡುವಣದಿಂದ ಬೀಸುವ ಗಾಳಿಗೆ ಎದುರಾಗಿ ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಯಲು ಸೀಮೆ, ಅಡ್ಡ ಒಂದು ಮರವಿಲ್ಲ, ಬೆನ್ನಿಗೆ ಪುಸ್ತಕದ ಚೀಲ. ಏರು ಆದರೆ ಹತ್ತಿದ ಮೇಲೆ ಇಳಿಜಾರಾದರೂ ಸಿಗುತ್ತದೆ, ಈ ಗಾಳಿ ಮನೆ ಮುಟ್ಟುವ ತನಕ ಎದೆಗೇ ಹೊಡೆಯುತ್ತದೆ. ನಮ್ಮ ಹಳೆಯ ಕರಿ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗಲೇಬೇಕು, ಗಾಳಿ ಇರಲಿ ಬಿಡಲಿ. 21 ಗೇರಿನ ಸಾದಾ ಮೌಂಟನ್ ಬೈಕಿನಲ್ಲಿ ಮುಂದೆ 24 ಹಲ್ಲಿನ ಸಣ್ಣ ಚಕ್ರಕ್ಕೂ ಹಿಂದೆ 28 ಹಲ್ಲಿನ ದೊಡ್ಡದಕ್ಕೂ ಚೇನು ಹಾಕಿದರೆ ಅದೇ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಅಷ್ಟೇ. ಅಂದರೆ ಮೊಳಕಾಲಿನ ಮೇಲೆ ಬೀಳುವ ಭಾರ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಮೆಲ್ಲಗೆ ಹೋಗುತ್ತದೆ, ನಿಜ. ಆದರೆ ಇಳಿದು ನೂಕುವ ಪ್ರಸಂಗ ಬರುವುದಿಲ್ಲ. ಇಷ್ಟು ಲೆಕ್ಕ ಹಾಕಿ ತೋರಿಸಿದ ಮೇಲೆ ಅಣ್ಣ ಸುಮ್ಮನಾದ.

ಈ ಸೈಕಲ್ ಹುಟ್ಟಿದ್ದೂ ದೊಡ್ಡ ಕಾರ್ಖಾನೆಯಲ್ಲಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಎಂಬ ಸೀಮೆಯ ಟಮಲ್ಪಯಸ್ ಬೆಟ್ಟದ ಆಸುಪಾಸು, 1970ರ ದಶಕದಲ್ಲಿ ಕೆಲವು ಹುಡುಗರು ಮೂವತ್ತು ನಲವತ್ತು ವರ್ಷ ಹಳೆಯ, ದಪ್ಪ ಟೈರಿನ, ಮಣಭಾರದ ಸೈಕಲ್ಲುಗಳನ್ನು ಅಗ್ಗಕ್ಕೆ ತಂದು ಮಣ್ಣಿನ ಇಳಿಜಾರಿನಲ್ಲಿ ಪಂದ್ಯ ಕಟ್ಟಿ ಓಡಿಸುತ್ತಿದ್ದರು. 1976ರಲ್ಲಿ ಸುರುವಾದ ಆ ಪಂದ್ಯಕ್ಕೆ 'ರಿಪ್ಯಾಕ್' ಎಂದು ಹೆಸರು. ಒಮ್ಮೆ ಇಳಿದರೆ ಹಿಂದಿನ ಹಬ್ಬಿನ ಬ್ರೇಕು ಕಾದು ಗ್ರೀಸೆಲ್ಲ ಸುಟ್ಟುಹೋಗುತ್ತಿತ್ತು, ಮತ್ತೆ ಬಿಚ್ಚಿ ಗ್ರೀಸ್ ತುಂಬಬೇಕಾಗುತ್ತಿತ್ತು, ಅದಕ್ಕೆ ಆ ಹೆಸರು. ಆ ಗುಂಪಿನ ಜೋ ಬ್ರೀಜ್ 1977ರಲ್ಲಿ ಇದಕ್ಕೆಂದೇ ಹೊಸ ಫ್ರೇಮು ಕಟ್ಟಿದ. ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ, ಟಾಮ್ ರಿಚಿ ಸೇರಿ ಅದನ್ನು ವ್ಯಾಪಾರಕ್ಕೆ ತಂದರು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಮೌಂಟನ್ ಬೈಕ್ ಪದಕದ ಆಟವಾಯಿತು. ಹಳೆಯದನ್ನು ಬಿಚ್ಚಿ, ಜೋಡಿಸಿ, ಕೆಟ್ಟಲ್ಲಿ ಕೂತು ರಿಪೇರಿ ಮಾಡಬಲ್ಲವರ ಕೈಯಲ್ಲಿ ಹುಟ್ಟಿದ ಗಾಡಿ ಇದು ಎನ್ನುವುದು ನನಗೆ ಬಹಳ ಮುಖ್ಯವೆನಿಸುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ನಮ್ಮ ಸೀಮೆಗೆ ಸೈಕಲ್ಲಿನ ಹುಚ್ಚು ಹೊಸದಲ್ಲ. ಜಾತ್ರೆ ಬಂತೆಂದರೆ ಎತ್ತಿನ ಗಾಡಿಯ ಶರ್ಯತ್ತಿನ ಜೊತೆ ಸೈಕಲ್ ಶರ್ಯತ್ತು ಇರುತ್ತದೆ. ಮಡ್‌ಗಾರ್ಡು, ಕ್ಯಾರಿಯರು ಕಳಚಿಟ್ಟ ಸಾದಾ ಸೈಕಲ್ಲುಗಳ ಮೇಲೆ ಹುಡುಗರು ಹೆದ್ದಾರಿ ಹಿಡಿದು ಹೋಗುತ್ತಿದ್ದರೆ ಎರಡೂ ಬದಿ ಊರಿಗೆ ಊರೇ ನಿಂತು ಕೂಗುತ್ತದೆ. ವಿಜಯಪುರದಲ್ಲಿ, ಬಾಗಲಕೋಟೆಯಲ್ಲಿ ಸರಕಾರದ ಸೈಕ್ಲಿಂಗ್ ಕ್ರೀಡಾನಿಲಯಗಳಿವೆ; ರಾಮದುರ್ಗ ತಾಲೂಕಿನ ಚಂದರಗಿಯ ಕ್ರೀಡಾಶಾಲೆಯಿಂದಲೂ ಸೈಕಲ್ಲಿನ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ತನಕ ಹೋಗಿದ್ದಾರೆ. ಅವರಲ್ಲಿ ಒಕ್ಕಲುತನದ ಮನೆಯ ಮಕ್ಕಳೇ ಬಹಳ. ಗದಗಿನಲ್ಲಿ ರಾಷ್ಟ್ರಮಟ್ಟದ ಮೌಂಟನ್ ಬೈಕ್ ಸ್ಪರ್ಧೆಯೂ ನಡೆದಿದೆ. ಇನ್ನು ಸಾದಾ ಸವಾರರ ಮಾತು ಹೇಳುವುದಾದರೆ, 2006–07ರಿಂದ ಸರಕಾರ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ ಮೇಲೆ ತೋಟದ ಮನೆಗಳ ಹೆಣ್ಣುಮಕ್ಕಳು ಸಾಲು ಹಿಡಿದು ಹೈಸ್ಕೂಲಿಗೆ ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ಕೋವಿಡ್ ಕಾಲದಲ್ಲಿ ಅದು ನಿಂತಿತು. ನಿಲ್ಲಬಾರದಿತ್ತು.

ಇರಲಿ, ಮೊಬೈಲಿನ ಪರದೆಗೆ ಬರೋಣ. ಅಲ್ಲಿ 'ಎಂಟಿಬಿ' ಎಂಬ ಮೂರು ಅಕ್ಷರ ಯಾವುದಕ್ಕೆ ಬೇಕಾದರೂ ಅಂಟುತ್ತದೆ. ಗೇರೇ ಇಲ್ಲದ್ದು, ಪೈಪು ದಪ್ಪ ಕಾಣಲೆಂದು ಊದಿಸಿದ್ದು, ಕಾರಿನ ಕಂಪನಿಯ ಹೆಸರು ಬರೆದು ಮಡಚುವಂತೆ ಮಾಡಿದ್ದು, ಎಲ್ಲವೂ ಎಂಟಿಬಿಯೇ. ಹುಡುಗನ ಕಣ್ಣು ಬಿದ್ದದ್ದು ಫ್ಯಾಟ್ ಬೈಕಿನ ಮೇಲೆ.

"ಕಾಕಾ, ನಾಕ ಇಂಚಿನ ಟೈರ್ ಐತಿ ನೋಡ್ರಿ, ಬುಲೆಟ್ ಗಾಡಿಗತೆ ಕಾಣತೈತಿ."

ನೋಡಲು ಚೆಂದವೇ. ಆದರೆ ಆ ಟೈರು ಹುಟ್ಟಿದ್ದು ಹಿಮದ ಮೇಲೆ, ಮರಳಿನ ಮೇಲೆ ಹೂತುಹೋಗದೆ ತೇಲಿಕೊಂಡು ಹೋಗಲೆಂದು. ಡಾಂಬರಿನ ಮೇಲೆ ಅದನ್ನು ತುಳಿಯುವುದೆಂದರೆ ಹಿಂದೆ ಯಾರನ್ನೋ ಕಟ್ಟಿಕೊಂಡು ಎಳೆದಂತೆ. ಅಗ್ಗದ ಫ್ಯಾಟ್ ಬೈಕುಗಳ ತೂಕ ಹದಿನೆಂಟು, ಇಪ್ಪತ್ತು ಕಿಲೋ. ಮಳೆಗಾಲದಲ್ಲಿ ನಮ್ಮ ಎರೆ ಹತ್ತಿಕೊಂಡರೆ ಇನ್ನೆರಡು ಕಿಲೋ ಕೂಡಿಸಿಕೊಳ್ಳಿ. ಕಾಲೇಜಿಗೆ ದಿನಾ ತುಳಿಯುವ ಹುಡುಗನಿಗೆ ಅದು ತಿಂಗಳೊಪ್ಪತ್ತಿನಲ್ಲಿ ಬೇಸರ ತರುತ್ತದೆ, ಆಮೇಲೆ ಅದು ಗೋಡೆಗೆ ಒರಗಿಕೊಂಡು ನಿಲ್ಲುತ್ತದೆ.

ಎರಡನೆಯ ಆಸೆ ಹಿಂದೆಯೂ ಮುಂದೆಯೂ ಶಾಕ್ ಅಬ್ಸಾರ್ಬರ್ ಇರುವ ಗಾಡಿ. ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಹತ್ತು ಹದಿನೈದು ಸಾವಿರದೊಳಗೆ ಸಿಗುವ ಯಾವ ಸೈಕಲ್ಲಿಗೂ ಹಿಂದಿನ ಶಾಕ್ ಬೇಡ. ಆ ಬೆಲೆಗೆ ಅಲ್ಲಿ ಸಿಗುವುದು ಬರೀ ಸ್ಪ್ರಿಂಗು. ಪ್ರತಿ ತುಳಿತಕ್ಕೂ ಅದು ಕುಗ್ಗಿ ಹಿಗ್ಗಿ ನಮ್ಮ ಬಲದ ಒಂದು ಪಾಲನ್ನು ತಾನೇ ತಿನ್ನುತ್ತದೆ. ಮೇಲಾಗಿ ಅಲ್ಲಿನ ಬುಷ್ಷುಗಳು ಸವೆದರೆ ಹಿಂದಿನ ಗಾಲಿ ಅತ್ತಿತ್ತ ಅಲುಗಾಡತೊಡಗುತ್ತದೆ. ಮುಂದಿನ ಫೋರ್ಕಿನ ಸ್ಪ್ರಿಂಗು ಒಂದು ಮಟ್ಟಿಗೆ ಪರವಾಗಿಲ್ಲ, ಟ್ರ್ಯಾಕ್ಟರ್ ಜಾಡು ದಾಟುವಾಗ ಮುಂಗೈಗೆ ಆರಾಮ. ಆದರೆ ಅದಕ್ಕೂ ತೂಕವಿದೆ, ಎರಡು ಕಿಲೋಕ್ಕೂ ಮಿಕ್ಕಿ. ಸಾದಾ ಗಟ್ಟಿ ಫೋರ್ಕು ಮತ್ತು ಎರಡಿಂಚಿನ ಟೈರಿಗೆ ಹದವಾದ ಹವಾ: ನನ್ನನ್ನು ಕೇಳಿದರೆ ನಮ್ಮ ದಾರಿಗೆ ಇಷ್ಟೇ ಸಾಕು. ಟೈರಿನ ಬದಿಯಲ್ಲಿ 40ರಿಂದ 65 ಎಂದು ಬರೆದಿದ್ದರೆ ಡಾಂಬರಿಗೆ ಮೇಲಿನ ಅಂಕಿ, ಬಂಡಿದಾರಿಗೆ ಕೆಳಗಿನದು. ಹುಡುಗನಿಗೆ ಮುಂದಿನ ಶಾಕ್ ಬೇಕೇ ಬೇಕಿತ್ತು. ಒಪ್ಪಿದೆ. ತುಳಿಯುವವನು ಅವನು, ಅವನ ಆಸೆಗೂ ಒಂದು ಬೆಲೆಯಿದೆ.

ಡಿಸ್ಕ್ ಬ್ರೇಕಿನ ವಿಷಯದಲ್ಲಿ ನಾನು ಬಹಳ ಹೊತ್ತು ತೂಗಿ ನೋಡಿದೆ. ರಿಮ್ಮನ್ನು ಹಿಡಿಯುವ ವಿ-ಬ್ರೇಕ್ ಅಗ್ಗ, ಹಗುರ, ಅದರ ರಬ್ಬರು ಯಾವ ಪಂಚರ್ ಅಂಗಡಿಯಲ್ಲೂ ಸಿಗುತ್ತದೆ. ಬಯಲು ನಾಡಿನ ಒಣ ದಾರಿಗೆ ಅದೇ ಒಳ್ಳೆಯದು ಎಂದು ಪುಸ್ತಕ ಓದಿದವರು ಹೇಳುತ್ತಾರೆ. ಆದರೆ ಎರೆ ಬೇರೆಯೇ. ಜೂನಿನಲ್ಲಿ ಒಂದು ದೊಡ್ಡ ಮಳೆ ಬಿದ್ದರೆ ಆ ಮಣ್ಣು ಟೈರಿಗೆ ಅಂಟಿಕೊಂಡು ಸುರುಳಿ ಸುತ್ತುತ್ತ ಬ್ರೇಕಿನ ಸಂದಿಯಲ್ಲಿ ತುಂಬಿಕೊಳ್ಳುತ್ತದೆ, ಗಾಲಿ ತಿರುಗುವುದೇ ಇಲ್ಲ, ಸೈಕಲ್ ಹೆಗಲ ಮೇಲೆ ಹೊರಬೇಕಾಗುತ್ತದೆ. ಡಿಸ್ಕ್ ಇರುವುದು ಗಾಲಿಯ ನಡುವೆ, ಮಣ್ಣಿನಿಂದ ದೂರ. ಹಾಗಾಗಿ ಊರೊಳಗೆ ಇರುವವರಿಗೆ ವಿ-ಬ್ರೇಕು, ತೋಟದಲ್ಲಿ ಇರುವವರಿಗೆ ಕೇಬಲ್ಲಿನ ಡಿಸ್ಕು ಎಂದು ತೀರ್ಮಾನಿಸಿದೆ. ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕು ಈ ಬೆಲೆಗೆ ಬರುವುದೂ ಅಪರೂಪ, ಬಂದರೂ ಅದರ ಎಣ್ಣೆ ಬದಲಿಸಿ ಗಾಳಿ ತೆಗೆಯುವ ಸಾಮಾನು ನಮ್ಮಲ್ಲಿ ಇಲ್ಲ. ಕೇಬಲ್ ಆದರೆ ಎಲ್ಲರ ಕೈಗೂ ಒಗ್ಗಿದ್ದು.

ಈ ಕೊನೆಯ ಮಾತೇ ನನ್ನ ಇಡೀ ಆಯ್ಕೆಯ ಬುನಾದಿ. ಸೈಕಲ್ ಕೊಳ್ಳುವುದು ಮೊಬೈಲಿನಲ್ಲಿ, ಬಾಳಿಸುವುದು ಬಜಾರಿನ ಮಿಸ್ತ್ರಿ. ಹಾಗಾಗಿ ಆರ್ಡರು ಮಾಡುವ ಮೊದಲೇ ಹುಡುಗನನ್ನು ಕರೆದುಕೊಂಡು ಮಿಸ್ತ್ರಿಯ ಅಂಗಡಿಗೆ ಹೋದೆ. ನನ್ನ ಸೈಕಲ್ಲಿಗೆ, ನಮ್ಮಪ್ಪನ ಸೈಕಲ್ಲಿಗೆ ಕೈ ಹಚ್ಚಿದ ಮನುಷ್ಯ. ಫೋಟೋ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬೆರಳಿನಿಂದ ಚಿತ್ರ ದೊಡ್ಡದು ಮಾಡುತ್ತ ನೋಡಿದ.

"ಮಾಸ್ತರ್ರ, ಗಾಲಿ ಸೈಜ್ ಏನೈತಿ ಮೊದಲ ಅದನ್ನ ಹೇಳ್ರಿ. ಸಾಡೆ ಸತ್ತಾವೀಸ್ ಅಂದ್ರ ನನ್ನ ಕಡೆ ಟ್ಯೂಬ್ ಇಲ್ಲ. ಛಬ್ಬೀಸ್ ಇದ್ರ ಛಲೋ."

ಈ ಗಾಲಿಯ ಅಳತೆಯ ಸಂಗತಿ ಸ್ವಲ್ಪ ಬಿಡಿಸಿ ಹೇಳಬೇಕು, ಕೊಳ್ಳುವವರು ಎಡವುವುದು ಇಲ್ಲಿಯೇ. ಮೌಂಟನ್ ಬೈಕುಗಳು 26, 27.5, 29 ಇಂಚಿನಲ್ಲಿ ಬರುತ್ತವೆ. ಟೈರು ಕೂರುವ ರಿಮ್ಮಿನ ಅಡ್ಡಳತೆ ಕ್ರಮವಾಗಿ 559, 584, 622 ಮಿಲಿಮೀಟರ್. ನಮ್ಮ ಹಳೆಯ ಗಂಡಸರ ಸೈಕಲ್ಲಿನ 28 × 1½ ಟೈರಿಗೆ ಅದೇ ಅಳತೆ 635. ಇನ್ನು ಲೇಡೀಸ್ ಸೈಕಲ್ಲಿಗೆ ಬರುವ 26 × 1⅜ ಟೈರು 590ರದ್ದು. ಅದೂ 26, ಮೌಂಟನ್ ಬೈಕಿನ 26 × 1.95 ಕೂಡ 26, ಆದರೆ ಒಂದರ ರಿಮ್ಮಿಗೆ ಇನ್ನೊಂದರ ಟೈರು ಹತ್ತುವುದಿಲ್ಲ. ಭಿನ್ನರಾಶಿಯಲ್ಲಿ ಬರೆದದ್ದು ಬೇರೆ, ದಶಮಾಂಶದಲ್ಲಿ ಬರೆದದ್ದು ಬೇರೆ. ಮಿಸ್ತ್ರಿಗೆ ಇದು ಬಾಯಿಪಾಠ, ಅಂಕಿ ನೋಡದೆ ಕೈಯಿಂದಲೇ ಹೇಳುತ್ತಾನೆ. ದೊಡ್ಡ ಗಾಲಿ ತಗ್ಗು ದಿಣ್ಣೆಗಳ ಮೇಲೆ ಸಲೀಸಾಗಿ ಉರುಳುತ್ತದೆ ಎನ್ನುವುದು ನಿಜ. 29ರ ಮೇಲೆ ಕೂತವರು 26ಕ್ಕೆ ಮರಳಲು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಇದ್ದಿದ್ದರೆ ನಾನೂ ಅದನ್ನೇ ಕೊಡಿಸುತ್ತಿದ್ದೆ. ಮಹಾಲಿಂಗಪುರದಲ್ಲಿ ಸಂಜೆ ಆರಕ್ಕೆ ಟ್ಯೂಬು ಸೀಳಿದರೆ ಮರುದಿನ ಕಾಲೇಜಿಗೆ ಹೋಗುವ ಹುಡುಗನಿಗೆ ಅಂದೇ ರಾತ್ರಿ ಸಿಗುವ ಟ್ಯೂಬು ಯಾವುದೋ ಅದೇ ಒಳ್ಳೆಯ ಅಳತೆ.

ಟ್ಯೂಬು ಸೀಳುವುದಂತೂ ಖಾತ್ರಿ. ಕಾಲುವೆಯ ದಂಡೆಯುದ್ದಕ್ಕೂ ಬಳ್ಳಾರಿ ಜಾಲಿ ಬೆಳೆದಿದೆ, ಹೊಲದ ಬದುವಿಗೆ ನೆಗ್ಗಿಲ ಮುಳ್ಳು. ಹಲ್ಲಿನ ಟೈರು ದಪ್ಪ ಇದ್ದರೂ ಹಲ್ಲಿನ ನಡುವಿನ ಜಾಗ ತೆಳ್ಳಗೆ, ಜಾಲಿಮುಳ್ಳು ಅಲ್ಲಿಂದಲೇ ನುಗ್ಗುತ್ತದೆ. ಹಳೆಯ ಟ್ಯೂಬು ಉದ್ದಕ್ಕೆ ಸೀಳಿ ಟೈರಿನ ಒಳಗೆ ಹಾಸುವ ಉಪಾಯ ನಮ್ಮ ಮಿಸ್ತ್ರಿಗಳದ್ದು; ಸ್ವಲ್ಪ ಭಾರವಾಗುತ್ತದೆ, ಆದರೆ ಮುಳ್ಳು ಒಳಗಿನ ತನಕ ಮುಟ್ಟುವುದು ಕಡಿಮೆಯಾಗುತ್ತದೆ. ಇನ್ನೊಂದು ಅನುಕೂಲ: ಈ ಸೈಕಲ್ಲುಗಳ ವಾಲು ಸಾಮಾನ್ಯವಾಗಿ ಮೋಟಾರ್ ಸೈಕಲ್ಲಿನ ವಾಲಿನಂಥದೇ, ಪೆಟ್ರೋಲ್ ಬಂಕಿನಲ್ಲೂ ಹವಾ ಹೊಡೆಸಬಹುದು. ಹಳೆಯ ಸೈಕಲ್ಲಿನ ಸಣ್ಣ ವಾಲ್ ಟ್ಯೂಬು ಹರಿದು ಹವಾ ಇಳಿದುಹೋಗುವ ಕಾಟ ಇಲ್ಲ.

ಮಿಸ್ತ್ರಿ ಆಮೇಲೆ ಚೇನು ನೋಡಿದ, ಕ್ರ್ಯಾಂಕು ನೋಡಿದ. ಸಾದಾ ಸೈಕಲ್ಲಿನ ಚೇನು ಅಗಲ. ಏಳು ಪದರದ ಫ್ರೀವೀಲಿಗೆ ಅದು ಬರುವುದಿಲ್ಲ, ಸಣ್ಣ ಚೇನು ಬೇಕು. ಕ್ರ್ಯಾಂಕಿಗೆ ಕಾಟರ್ ಪಿನ್ನು ಇಲ್ಲ, ಚೌಕ ಆಕ್ಸಲ್ಲಿನ ಮೇಲೆ ಬಿಗಿದು ಕೂತಿರುತ್ತದೆ, ಬಿಚ್ಚಲು ಪುಲ್ಲರ್ ಬೇಕು. ಪುಲ್ಲರ್ ಇಲ್ಲದೆ ಸುತ್ತಿಗೆಯಿಂದ ಹೊಡೆದರೆ ಒಳಗಿನ ಬೇರಿಂಗು ಹೋಗುತ್ತದೆ. ಫ್ರೀವೀಲು ಬಿಚ್ಚಲು ಅದರದೇ ಹಲ್ಲಿನ ಒಂದು ಟೂಲು ಬೇಕು, ಅದಿಲ್ಲದೆ ಹಿಂದಿನ ಗಾಲಿಯ ಕಡ್ಡಿ ಮುರಿದರೆ ಬದಲಿಸುವುದು ಕಷ್ಟ. ಈ ಎರಡು ಸಾಮಾನು ಅವನ ಬಳಿ ಇರಲಿಲ್ಲ. ಬೆಲೆ ದೊಡ್ಡದೇನಲ್ಲ. ಸೈಕಲ್ಲಿನ ಜೊತೆಗೇ ಅವನ್ನೂ ತರಿಸಿ ಅಂಗಡಿಯಲ್ಲೇ ಇಟ್ಟೆವು. ಗೇರಿನ ಸೈಕಲ್ ಇರುವ ಬೇರೆ ಹುಡುಗರಿಗೂ ಈಗ ಅವು ಕೆಲಸಕ್ಕೆ ಬರುತ್ತಿವೆ. ಅಗ್ಗದ ಗೇರಿನ ಸೈಕಲ್ ಕೊಳ್ಳುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ: ಬೆಲ್ಲು, ಲೈಟು, ಬಾಟಲಿ ಆಮೇಲೆ ತಗೊಳ್ಳಿ, ಈ ಎರಡು ಟೂಲು ಮೊದಲು.

ಅಟ್ಲಾಸ್ ಕಂಪನಿಯ ಕಥೆ ಇಲ್ಲಿ ನೆನಪಾಗುತ್ತದೆ. 1951ರಲ್ಲಿ ಹರಿಯಾಣದ ಸೋನೀಪತ್ತಿನಲ್ಲಿ ಸುರುವಾದ ಕಾರ್ಖಾನೆ. ಅದರ ಕೊನೆಯ ಘಟಕ, ಸಾಹಿಬಾಬಾದಿನದು, 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ ಬಾಗಿಲು ಹಾಕಿತು. ಆದರೆ ನಮ್ಮ ಹಳ್ಳಿಗಳಲ್ಲಿ ಅಟ್ಲಾಸ್ ಸೈಕಲ್ಲುಗಳು ಇಂದಿಗೂ ಹಾಲಿನ ಕ್ಯಾನು ಹೊತ್ತು ಬರುತ್ತಿವೆ. ಹೇಗೆಂದರೆ ಅದರ ಗಾಲಿ, ಚೇನು, ಪೆಡಲು, ಕೋನು, ಕಪ್ಪು ಎಲ್ಲವೂ ಹೀರೋ, ಹರ್ಕ್ಯುಲಿಸ್, ಏವನ್ ಸೈಕಲ್ಲುಗಳ ಅಳತೆಯವೇ. ಕಂಪನಿ ಹೋದರೂ ಸೈಕಲ್ ಹೋಗಲಿಲ್ಲ. ಆನ್‌ಲೈನಿನಲ್ಲಿ ನಿನ್ನೆ ಮೊನ್ನೆ ಕಣ್ಣು ಬಿಟ್ಟ ಹೆಸರಿನ ಸೈಕಲ್ಲುಗಳಿಗೆ ಈ ಭಾಗ್ಯ ಇರುವುದಿಲ್ಲ. ಉದಾಹರಣೆಗೆ ಹಿಂದಿನ ಗೇರು ನೇತಾಡುವ ಸಣ್ಣ ಲೋಹದ ತುಣುಕು, ಹ್ಯಾಂಗರ್. ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದು. ಅಲಾಯ್ ಫ್ರೇಮುಗಳಲ್ಲಿ ಅದನ್ನು ಬದಲಿಸುವಂತೆ ಬೇರೆಯಾಗಿ ಮಾಡಿರುತ್ತಾರೆ, ಆದರೆ ಒಂದೊಂದು ಮಾಡೆಲ್ಲಿಗೆ ಒಂದೊಂದು ಆಕಾರ. ಅದು ಸಿಗದಿದ್ದರೆ 21 ಗೇರೂ ವ್ಯರ್ಥ. ಹಾಗಾಗಿ ಮಾರುವವರ ಪುಟದಲ್ಲಿ ಬಿಡಿಭಾಗಗಳನ್ನೂ ಮಾರುತ್ತಾರೆಯೇ ಎಂದು ನೋಡಬೇಕು. ಮಾರುತ್ತಿದ್ದರೆ ಹ್ಯಾಂಗರ್ ಒಂದನ್ನು ಅಂದೇ ತೆಗೆದಿಡಬೇಕು. ಇನ್ನು ಸ್ಟೀಲ್ ಫ್ರೇಮಾದರೆ ಬಾಗಿದ್ದನ್ನು ನೆಟ್ಟಗೆ ಮಾಡಬಹುದು, ಬಿರಿದರೆ ಟ್ರಾಲಿ ಬೆಸೆಯುವ ವೆಲ್ಡಿಂಗ್ ಅಂಗಡಿಯಲ್ಲೇ ಬೆಸೆಸಬಹುದು. ಅಲಾಯ್ ಹಗುರ, ತುಕ್ಕು ಹಿಡಿಯದು, ಆದರೆ ಅದನ್ನು ಬೆಸೆಯುವವರು ನಮ್ಮಲ್ಲಿ ಸಿಗುವುದಿಲ್ಲ. ಒಂದೆರಡು ಕಿಲೋ ಹೆಚ್ಚಾದರೂ ಸರಿ, ನಾನು ಸ್ಟೀಲನ್ನೇ ಆರಿಸಿದೆ.

ಫೋಟೋ ದೊಡ್ಡದು ಮಾಡಿ ನೋಡಬೇಕಾದ ಇನ್ನೊಂದು ಜಾಗ ಹಿಂದಿನ ಆಕ್ಸಲ್ಲಿನ ಪಕ್ಕ. ಅಲ್ಲಿ ಕ್ಯಾರಿಯರ್ ಕೂಡಿಸಲು ನಟ್ಟಿನ ತೂತು ಇದೆಯೇ? ನಮ್ಮ ಕಡೆ ಕ್ಯಾರಿಯರ್ ಇಲ್ಲದ ಸೈಕಲ್ ಅರ್ಧ ಸೈಕಲ್. ಹೋಗುವಾಗ ಪುಸ್ತಕ, ಬರುವಾಗ ಕಿರಾಣಿ, ಸಂಜೆ ದನಕ್ಕೆ ಮೇವು. ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಕೆಲವು ಫ್ರೇಮುಗಳಲ್ಲಿ ಕ್ಯಾರಿಯರ್ ಕಾಲಿಗೆ ಅಡ್ಡ ಬರುತ್ತದೆ, ಅದನ್ನೂ ನೋಡಬೇಕು. ಹೊರೆ ಹೇರುವುದಕ್ಕೂ ಒಂದು ಮಿತಿ ಇದೆ: ಏಳು ಪದರದ ಫ್ರೀವೀಲಿನ ಗಾಲಿಯಲ್ಲಿ ಬೇರಿಂಗು ಒಳಗೆ ಸರಿದು ಕೂತಿರುತ್ತದೆ, ಹೊರಗೆ ಉಳಿದ ಆಕ್ಸಲ್ಲಿನ ತುದಿ ಉದ್ದ, ಭಾರ ಹೆಚ್ಚಾದರೆ ಅದು ಬಾಗುತ್ತದೆ. ಗೊಬ್ಬರದ ಚೀಲ ಅದರ ಮೇಲೆ ಬೇಡ ಎಂದು ಅಣ್ಣನಿಗೆ ಮೊದಲೇ ಹೇಳಿದ್ದೇನೆ. ಅದಕ್ಕೆ ಹಳೆಯ ಕರಿ ಸೈಕಲ್ಲೇ ಸರಿ.

ಗಿರಾಕಿಗಳ ಅಭಿಪ್ರಾಯ ಓದುವುದೂ ಒಂದು ಅಭ್ಯಾಸ. 'ಬೇಗ ಬಂತು, ಚೆನ್ನಾಗಿದೆ' ಎಂದು ಐದು ಚುಕ್ಕಿ ಕೊಟ್ಟವರು ಕೊರಿಯರಿನವನಿಗೆ ಕೊಟ್ಟ ಚುಕ್ಕಿ ಅದು, ಸೈಕಲ್ಲಿಗಲ್ಲ. ಆರು ತಿಂಗಳು, ವರ್ಷ ತುಳಿದು ಬರೆದವರ ಮಾತು ಹುಡುಕಬೇಕು. ಒಂದೇ ದೂರು ಮೂರು ನಾಲ್ಕು ಬೇರೆ ಬೇರೆ ಊರಿನವರಿಂದ ಬಂದಿದ್ದರೆ ಅದನ್ನು ನಂಬಬೇಕು. ಗೇರಿನ ಹೆಸರು ನೋಡುವಾಗಲೂ ಹಾಗೇ. 'ಶಿಮಾನೋ' ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಹಿಂದಿನ ಗೇರೊಂದೇ ಆ ಕಂಪನಿಯದಾಗಿದ್ದು ಮುಂದಿನದು, ಶಿಫ್ಟರು, ಚೇನು ಬೇರೆಯವು ಇರಬಹುದು. ವಿವರದ ಪಟ್ಟಿ ಪೂರ್ತಿ ಓದಬೇಕು. ಪಟ್ಟಿಯನ್ನೇ ಕೊಡದವರ ಕಡೆ ಹೋಗಲೇಬಾರದು.

ಬೆಲೆಯ ಮಾತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ 12ರಿಂದ ಶೇಕಡಾ 5ಕ್ಕೆ ಇಳಿದಿದೆ. ಇದರಿಂದ ಬಡವರ ಗಾಡಿಗೆ ನಿಜವಾದ ಉಪಕಾರ ಆಗಿದೆ. ಆದರೆ ಪರದೆಯ ಮೇಲೆ ಕಾಣುವ ಬೆಲೆಗೆ ಸ್ಟ್ಯಾಂಡು, ಮಡ್‌ಗಾರ್ಡು, ಕ್ಯಾರಿಯರು, ಬೆಲ್ಲು, ಕೀಲಿ ಎಷ್ಟೋ ಸಲ ಬರುವುದಿಲ್ಲ, ಜೋಡಿಸುವ ಮಜೂರಿಯೂ ಬೇರೆ. ಎಲ್ಲ ಕೂಡಿಸಿ ಲೆಕ್ಕ ಹಿಡಿಯಬೇಕು. ಆಮೇಲೆ 587312 ಎಂದು ನಮ್ಮ ಪಿನ್ ಕೋಡ್ ಒತ್ತಿ ನೋಡಬೇಕು, ಇಷ್ಟು ದೊಡ್ಡ ಪೆಟ್ಟಿಗೆ ಮನೆಯ ತನಕ ಬರುತ್ತದೆಯೇ, ಕೆಟ್ಟು ಬಂದರೆ ವಾಪಸು ಒಯ್ಯುತ್ತಾರೆಯೇ ಎಂದು. ಬೆಂಗಳೂರಿಗೆ ಇರುವ ಸವಲತ್ತು ನಮಗೂ ಇರುತ್ತದೆ ಎಂದು ತಿಳಿಯಬಾರದು. ಇದಿಷ್ಟನ್ನೂ ನೋಡುವ ಮೊದಲು ಊರಿನ ಸೈಕಲ್ ಅಂಗಡಿಯಲ್ಲಿ ಕೇಳಿದೆವು. ಸಾದಾ ಸೈಕಲ್ಲುಗಳು ಇದ್ದವು, ನಮಗೆ ಬೇಕಾದ್ದು ಇರಲಿಲ್ಲ. ಇದ್ದಿದ್ದರೆ ನಾಲ್ಕು ನೂರು ಹೆಚ್ಚಾದರೂ ಅಲ್ಲಿಯೇ ಕೊಳ್ಳುತ್ತಿದ್ದೆವು. ಒಂದೊಂದೇ ಸೈಕಲ್ ಅಂಗಡಿ ಮೊಬೈಲ್ ಅಂಗಡಿಯಾಗುತ್ತಿರುವಾಗ, ಉಳಿದದ್ದನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ಪೆಟ್ಟಿಗೆ ಬಂದ ದಿನ ಅಣ್ಣ, ಅತ್ತಿಗೆ, ಹುಡುಗ ಎಲ್ಲರೂ ಅಲ್ಲೇ ಬಿಚ್ಚೋಣ ಎಂದರು. ಮೊದಲು ಮೇಲಿನ ರಟ್ಟು ಹರಿದಿದೆಯೇ ನೋಡಿ, ಬಿಚ್ಚುವುದನ್ನು ಸುರುವಿನಿಂದ ಕೊನೆಯ ತನಕ ಮೊಬೈಲಿನಲ್ಲಿ ವಿಡಿಯೋ ಮಾಡಿಸಿದೆ. ಏನಾದರೂ ಮುರಿದು ಬಂದಿದ್ದರೆ ಅದೇ ಸಾಕ್ಷಿ. ಜೋಡಿಸುವುದು ಮಾತ್ರ ಮಿಸ್ತ್ರಿಯ ಅಂಗಡಿಯಲ್ಲಿ. ಇಂಥ ಪೆಟ್ಟಿಗೆಯಲ್ಲಿ ಹ್ಯಾಂಡಲ್, ಮುಂದಿನ ಗಾಲಿ, ಸೀಟು, ಪೆಡಲ್ ಬಿಡಿಯಾಗಿ ಇರುತ್ತವೆ, ಜೊತೆಗೆ ಒಂದು ಸಣ್ಣ ಪಾನಾ, ಆಲೆನ್ ಕೀ ಕೊಟ್ಟು ಮನೆಯಲ್ಲೇ ಜೋಡಿಸಿಕೊಳ್ಳಿ ಎನ್ನುತ್ತಾರೆ. ಆಗದ ಕೆಲಸವೇನಲ್ಲ. ಆದರೆ ಎಡ ಪೆಡಲಿನ ಮರೆ ಉಲ್ಟಾ, ಅದನ್ನು ಎಡಕ್ಕೆ ತಿರುಗಿಸಿಯೇ ಬಿಗಿಯಬೇಕು; ತಿಳಿಯದೆ ಬಲಕ್ಕೆ ಒತ್ತಿ ತಿರುಗಿಸಿ ಕ್ರ್ಯಾಂಕಿನ ಮರೆ ಕೆಡಿಸಿಕೊಂಡವರು ಬಹಳ ಜನ. ಮುಂದಿನ ಫೋರ್ಕು ಹಿಂದುಮುಂದಾಗಿ ಕೂಡಿಸಿ, ಡಿಸ್ಕು ಬಲಕ್ಕೆ ಬಂದದ್ದು ಗೊತ್ತಾಗದೆ ಓಡಿಸುವವರನ್ನೂ ರಸ್ತೆಯಲ್ಲಿ ಕಂಡಿದ್ದೇನೆ. ಮಿಸ್ತ್ರಿ ಮೊದಲು ಎರಡೂ ಗಾಲಿ ತಿರುವಿ ಕಡ್ಡಿಗಳನ್ನು ಬೆರಳಿನಿಂದ ಮೀಟಿ ನೋಡಿದ. ಕೆಲವು ಸಡಿಲ ಇದ್ದವು, ಬಿಗಿದ. ಹಬ್ಬು ಬಿಚ್ಚಿದ, ಒಳಗೆ ಗ್ರೀಸು ಹೆಸರಿಗಷ್ಟೇ ಇತ್ತು. ಹೊಸ ಗ್ರೀಸು ತುಂಬಿದ. ಮರಿನ್ ಬೆಟ್ಟದ ಹುಡುಗರು ಮಾಡುತ್ತಿದ್ದ ಕೆಲಸ ಅದೇ.

"ಹೊಸಾ ಸೈಕಲ್ ಅಂದ್ರೂ ಒಮ್ಮೆ ಬಿಚ್ಚಾಕ ಬೇಕ್ರಿ," ಎಂದ. "ಒಂದ ತಿಂಗಳಾದ ಮ್ಯಾಲ ತಗೊಂಬರ್ರಿ, ಕೇಬಲ್ ಜಗ್ಗಿರ್ತಾವು."

ಮಜೂರಿ ಕೇಳಿದರೆ ಸಾದಾ ಸೈಕಲ್ಲಿಗೆ ತೆಗೆದುಕೊಳ್ಳುವಷ್ಟೇ ಹೇಳಿದ. ಅದು ಸರಿಯಲ್ಲ. ಆನ್‌ಲೈನಿನಲ್ಲಿ ಕೊಂಡಾಗ ಅವನಿಗೆ ಮಾರಾಟದ ಲಾಭ ಸಿಗುವುದಿಲ್ಲ, ಕೆಲಸ ಮಾತ್ರ ಅವನ ಪಾಲಿಗೆ, ಅದೂ ಹೆಚ್ಚಿನ ಕೆಲಸ. ಒಂದು ಮಧ್ಯಾಹ್ನ ಪೂರ್ತಿ ಅವನ ಕೈ ಅದರಲ್ಲೇ ಇತ್ತು. ಆ ದಿನದ ಕೂಲಿಯ ಲೆಕ್ಕದಲ್ಲಿ ಕೊಟ್ಟೆವು. ಬೇಡ ಬೇಡ ಎಂದರೂ ತೆಗೆದುಕೊಳ್ಳುವಂತೆ ಮಾಡಿದೆವು. ಅಂಗಡಿ ನಡೆದರೆ ಅಲ್ಲವೇ ನಾಳೆ ಹುಡುಗನ ಸೈಕಲ್ ನಡೆಯುವುದು.

ಹುಡುಗ ಈಗ ಕಾಲೇಜಿಗೆ ಅದರ ಮೇಲೆಯೇ. ರಜೆಯ ದಿನ ಗೆಳೆಯರ ಜೊತೆ ಕಾಲುವೆಯ ದಂಡೆ ಹಿಡಿದು ದೂರದೂರ ಹೋಗುತ್ತಾನೆ; ರನ್ನ ಕವಿಯ ಊರು ಬೆಳಗಲಿಗೆ ಹೋಗಿ ಬಂದಿದ್ದಾನೆ. ಎದುರು ಗಾಳಿಯಲ್ಲಿ ಯಾವ ಗೇರು ಹಾಕಬೇಕೆಂದು ಈಗ ಅವನೇ ನನಗೆ ಹೇಳುತ್ತಾನೆ. ಚೇನಿಗೆ ವಾರಕ್ಕೊಮ್ಮೆ ಬಟ್ಟೆ ಉಜ್ಜಿ ಎಣ್ಣೆ ಬಿಡುವುದು ಅವನ ಕೆಲಸ, ಅದರಲ್ಲಿ ರಿಯಾಯಿತಿ ಇಲ್ಲ; ಕಬ್ಬಿನ ಹಂಗಾಮಿನ ದೂಳು ಎಣ್ಣೆಯ ಜೊತೆ ಸೇರಿದರೆ ಚೇನು ಬೇಗ ಸವೆಯುತ್ತದೆ.

ಇದನ್ನು ನೋಡಿ ಪಕ್ಕದ ತೋಟದವರು ತಮ್ಮ ಮಗಳಿಗೂ ಒಂದು ಆರಿಸಿಕೊಡಲು ಕೇಳಿದ್ದಾರೆ. ಹುಡುಗಿ ಎಂಟನೆಯ ಇಯತ್ತೆ, ಗಿಡ್ಡ. 'ಇನ್ನೂ ಬೆಳೀತಾಳ ಬಿಡ್ರಿ, ದೊಡ್ಡದ ತಗೋರಿ, ನಾಲ್ಕ ವರ್ಷ ಬರತೈತಿ' ಎನ್ನುವುದು ಅವರಪ್ಪನ ವಾದ. ಬಟ್ಟೆಗೆ ಆ ಮಾತು ನಡೆದೀತು, ಸೈಕಲ್ಲಿಗೆ ನಡೆಯದು. ಎರಡೂ ಪಾದ ನೆಲಕ್ಕೆ ಊರಿ ನಿಂತಾಗ ಫ್ರೇಮಿನ ಮೇಲಿನ ಪೈಪಿಗೂ ದೇಹಕ್ಕೂ ನಡುವೆ ನಾಲ್ಕು ಬೆರಳಾದರೂ ಜಾಗ ಇರಬೇಕು, ಇಲ್ಲದಿದ್ದರೆ ತಗ್ಗಿನಲ್ಲಿ ದಿಢೀರನೆ ಇಳಿಯಬೇಕಾದಾಗ ಪೆಟ್ಟಾಗುತ್ತದೆ. ಹುಡುಗಿಯನ್ನು ಗೋಡೆಗೆ ನಿಲ್ಲಿಸಿ ಕಾಲಿನ ಒಳ ಅಳತೆ ಅವರವ್ವನಿಂದ ತೆಗೆಸಿ ಬರೆದುಕೊಂಡಿದ್ದೇನೆ. 26ರ ಗಾಲಿಯಲ್ಲೇ ಸಣ್ಣ ಫ್ರೇಮು ಸಿಕ್ಕರೆ ಎಲ್ಲಕ್ಕೂ ಅನುಕೂಲ. ಸಿಗದಿದ್ದರೆ 24 ಇಂಚಿನದು. ಆ ಅಳತೆಯ ಟ್ಯೂಬು ಟೈರು ಇಟ್ಟುಕೊಳ್ಳುತ್ತೀಯಾ ಎಂದು ನಾಳೆ ಮಿಸ್ತ್ರಿಯನ್ನು ಕೇಳಬೇಕು; ಅವನು ಹೂಂ ಅಂದ ಮೇಲೆಯೇ ಆರ್ಡರು.